ಬಿಗಿದ ಸ್ಕ್ರೂ ತಿರುಗದೇ ಸಡಿಲ ಆಗಿದ್ದು ಹೇಗೆ?

ಟೆಕ್ ಫೆಸ್ಟ್‌ನ ಹಿಂದಿನ ರಾತ್ರಿ ಹನ್ನೊಂದು ಗಂಟೆ. ನಮ್ಮ ರೋಬೋಟ್‌ನ ಚಕ್ರವನ್ನು ಮೋಟಾರಿನ ಶಾಫ್ಟ್‌ಗೆ ಹಿಡಿದಿಡೋ ಕ್ಲಾಂಪನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿ, ಸ್ಕ್ರೂ ಹಾಕಿ ಬಿಗಿದೆವು. ಕೈಯಲ್ಲಿ ಎಷ್ಟು ತಿರುಚಿದರೂ ಅಲ್ಲಾಡಲಿಲ್ಲ. ಸಿಮ್ಯುಲೇಶನ್‌ನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ 3 ಬಂದಿತ್ತು. ಸ್ಕ್ರೂ ತಿರುಗಿದರೆ ಗೊತ್ತಾಗಲಿ ಅಂತ ಅದರ ತಲೆ ಮೇಲೂ ಕ್ಲಾಂಪ್ ಮೇಲೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ನೆಮ್ಮದಿಯಾಗಿ ಮಲಗಿದೆವು.

ಮರುದಿನ ಬೆಳಗ್ಗೆ ಅಖಾಡಕ್ಕೆ ಇಳಿದ ಮೊದಲ ಸುತ್ತಲ್ಲೇ ಮೋಟಾರ್ ತಿರುಗ್ತಿದೆ, ಚಕ್ರ ನಿಂತಿದೆ. ಶಾಫ್ಟ್ ಕ್ಲಾಂಪ್ ಒಳಗೆ ಆರಾಮಾಗಿ ಜಾರ್ತಾ ಇದೆ. ಅಲ್ಲಿಗೆ ನಮ್ಮ ಕಥೆ ಮುಗೀತು.

"ಕೊನೆಗೆ ಸ್ಕ್ರೂ ಬಿಗಿದದ್ದು ಯಾರು?" ಅನ್ನೋ ಜಗಳ ಅರ್ಧ ಗಂಟೆ ನಡೀತು. ಆಮೇಲೆ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಎಲ್ಲೂ ಬಿರುಕು ಬಿಟ್ಟಿಲ್ಲ. ಮಾರ್ಕರ್ ಗೆರೆ ಎಳೆದಲ್ಲೇ ಇದೆ, ಅಂದ್ರೆ ಸ್ಕ್ರೂ ಒಂದು ಕೂದಲಷ್ಟೂ ತಿರುಗಿಲ್ಲ. ಕಾಲು ಸುತ್ತು ಬಿಗಿದರೆ ಕ್ಲಾಂಪ್ ಮತ್ತೆ ಗಟ್ಟಿ. ಹಾಗಾದ್ರೆ ಸ್ಕ್ರೂ ತಿರುಗದೇ, ಏನೂ ಮುರಿಯದೇ, ಸಡಿಲ ಆಗಿದ್ದು ಯಾವುದು? ಆ ಪ್ರಶ್ನೆ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ. ಮೆಕ್ಯಾನಿಕಲ್‌ನವರಿಗೆ ಮಾತ್ರ ಅಂದುಕೊಂಡು ಪುಟ ತಿರುಗಿಸಬೇಡಿ, ಎಲ್ಲ ಬ್ರಾಂಚಿನವರಿಗೂ ಇದರಲ್ಲಿ ಪಾಲಿದೆ.

ಉದ್ದ ಅಷ್ಟೇ, ಬಲ ಮಾತ್ರ ಇಳಿಯುತ್ತೆ

ಎರಡನೇ ವರ್ಷದಲ್ಲಿ ನಾವೆಲ್ಲ ಓದಿದ ಹುಕ್ ನಿಯಮ ಹೇಳೋದು ಇಷ್ಟು: ಸ್ಟ್ರೆಸ್ ಅಂದ್ರೆ ಯಂಗ್ಸ್ ಮಾಡ್ಯುಲಸ್ ಗುಣಿಲೆ ಸ್ಟ್ರೇನ್. ಈ ಸಮೀಕರಣವನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಇದರಲ್ಲಿ ಕಾಲ ಎಲ್ಲೂ ಇಲ್ಲ. ಇವತ್ತು ಎಳೆದರೂ ಅದೇ ಉತ್ತರ, ಎಳೆದು ಹತ್ತು ವರ್ಷ ಹಾಗೇ ಹಿಡಿದಿಟ್ಟರೂ ಅದೇ ಉತ್ತರ.

ಈಗ ಹಾಲಿನ ಪ್ಯಾಕೆಟ್ಟಿನಿಂದ ಒಂದು ಉದ್ದನೆಯ ಪಟ್ಟಿ ಕತ್ತರಿಸಿ ಲ್ಯಾಬಿನ ಯುಟಿಎಂಗೆ ಕಟ್ಟಿ. ಸ್ವಲ್ಪ ಎಳೆದು, ಕ್ರಾಸ್‌ಹೆಡ್ಡನ್ನು ನಿಲ್ಲಿಸಿ, ಸುಮ್ಮನೆ ಲೋಡ್ ರೀಡಿಂಗ್ ನೋಡ್ತಾ ಕೂತ್ಕೊಳ್ಳಿ. ಯಾರೂ ಏನೂ ಮುಟ್ಟದಿದ್ದರೂ ರೀಡಿಂಗ್ ಇಳಿಯುತ್ತೆ. ಮೊದಲು ಬೇಗ ಬೇಗ, ಆಮೇಲೆ ನಿಧಾನ, ಆಮೇಲೆ ಇನ್ನೂ ನಿಧಾನ. ಮಷೀನ್ ಕೆಟ್ಟಿಲ್ಲ. ಪಟ್ಟಿಯ ಉದ್ದ ಬದಲಾಗಿಲ್ಲ, ಅದರೊಳಗಿನ ಸ್ಟ್ರೆಸ್ ಮಾತ್ರ ಕರಗಿದೆ. ಇದಕ್ಕೆ ಸ್ಟ್ರೆಸ್ ರಿಲ್ಯಾಕ್ಸೇಶನ್ ಅಂತ ಹೆಸರು. (ಸೆಮ್ ಪರೀಕ್ಷೆ ಮುಗಿದ ಮೇಲೆ ನಮಗಾಗೋದು ಬೇರೆ.)

ಇದರ ಅವಳಿ ಕ್ರೀಪ್. ಅಲ್ಲಿ ಬಲ ಸ್ಥಿರ, ಉದ್ದ ಬೆಳೆಯುತ್ತೆ. ಅದೇ ಪಟ್ಟಿಗೆ ಒಂದು ತೂಕ ತೂಗುಹಾಕಿದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಜಗ್ಗುತ್ತಲೇ ಹೋಗುತ್ತೆ. ರಿಲ್ಯಾಕ್ಸೇಶನ್ನಿನಲ್ಲಿ ಉದ್ದ ಸ್ಥಿರ, ಬಲ ಇಳಿಯುತ್ತೆ. ಎರಡರ ಹಿಂದೆಯೂ ಇರೋದು ಒಂದೇ ಗುಣ. ವಸ್ತು ಅರ್ಧ ಸ್ಪ್ರಿಂಗ್, ಅರ್ಧ ಜೇನುತುಪ್ಪ. ಇಂಥದ್ದನ್ನು ವಿಸ್ಕೋಇಲಾಸ್ಟಿಕ್ ಅಂತಾರೆ.

ನಮ್ಮ ಕ್ಲಾಂಪ್ ಕಥೆಯೂ ಇದೇ. ಸ್ಕ್ರೂ ತಿರುಗಿಲ್ಲ ಅಂದ್ರೆ ಸ್ಟ್ರೇನ್ ಹೆಚ್ಚುಕಮ್ಮಿ ಸ್ಥಿರವಾಗಿತ್ತು. ಹಿಡಿತ ಕೊಡ್ತಿದ್ದ ಸ್ಟ್ರೆಸ್ ಮಾತ್ರ ರಾತ್ರಿಯಿಡೀ ಸೋರಿ ಹೋಗಿತ್ತು.

ಒಳಗೆ ಏನಾಗುತ್ತೆ?

ಪ್ಲಾಸ್ಟಿಕ್ ಅಂದ್ರೆ ಉದ್ದುದ್ದ ಅಣುಸರಪಳಿಗಳ ರಾಶಿ. ಬಟ್ಟಲು ತುಂಬ ಶಾವಿಗೆ ಒಂದಕ್ಕೊಂದು ಸಿಕ್ಕಿಕೊಂಡಿರೋದನ್ನು ನೆನೆಸ್ಕೊಳ್ಳಿ. ಥಟ್ಟನೆ ಎಳೆದಾಗ ಸರಪಳಿಗಳಿಗೆ ಜಾಗ ಬದಲಿಸೋಕೆ ಪುರುಸೊತ್ತಿಲ್ಲ, ಎಲ್ಲವೂ ಬಿಗಿಯಾಗಿ ಪ್ರತಿರೋಧಿಸುತ್ತವೆ. ಹಾಗೇ ಹಿಡಿದಿಟ್ಟರೆ, ಉಷ್ಣದಿಂದ ಸದಾ ನಡುಗುತ್ತಿರುವ ಈ ಸರಪಳಿಗಳು ಒಂದೊಂದಾಗಿ ನುಸುಳಿ, ಜಾರಿ, ಹೊಸ ಆಕಾರಕ್ಕೆ ಹೊಂದಿಕೊಂಡುಬಿಡುತ್ತವೆ. ಪ್ರತಿ ಜಾರುವಿಕೆಗೂ ಒಂದಿಷ್ಟು ಸ್ಟ್ರೆಸ್ ಕಮ್ಮಿ.

ರಬ್ಬರ್‌ನಲ್ಲಿ ಈ ಸರಪಳಿಗಳಿಗೆ ಅಲ್ಲಲ್ಲಿ ರಾಸಾಯನಿಕ ಗಂಟು ಹಾಕಿರುತ್ತೆ. ಗಂಟುಗಳ ನಡುವಿನ ಭಾಗ ಹೊಂದಿಕೊಂಡೀತು, ಆದ್ರೆ ಇಡೀ ಸರಪಳಿ ಜಾರಿ ಹೋಗಲಾರದು. ಹಾಗಾಗಿ ರಬ್ಬರ್‌ನ ಸ್ಟ್ರೆಸ್ ಒಂದು ಮಟ್ಟದವರೆಗೆ ಇಳಿದು ಅಲ್ಲಿ ನಿಲ್ಲುತ್ತದೆ, ಸೊನ್ನೆಗೆ ಹೋಗೋದಿಲ್ಲ. ಮನೆಯ ಕುಕ್ಕರ್ ಗ್ಯಾಸ್ಕೆಟ್ ತಿಂಗಳುಗಟ್ಟಲೆ ಕೆಲಸ ಮಾಡೋದು ಇದರಿಂದಲೇ. ಒಂದು ದಿನ ಅದೂ ಸೀಟಿಯ ಬದಲು ಪಕ್ಕದಿಂದ ಬುಸ್ ಅನ್ನುತ್ತೆ. ದಿನಾ ಬಿಸಿ ತಿಂದು ಹಳೇ ಗಂಟುಗಳು ಕಡಿದು, ಒತ್ತಿಟ್ಟ ಆಕಾರದಲ್ಲೇ ಹೊಸ ಗಂಟುಗಳು ಬಿದ್ದಿರುತ್ತವೆ. ಈಗ ಆ ಗ್ಯಾಸ್ಕೆಟ್ಟಿಗೆ ಒತ್ತಿದ ಆಕಾರವೇ ತನ್ನ ಸಹಜ ಆಕಾರ. ಅಮ್ಮ ಅದನ್ನು "ಗ್ಯಾಸ್ಕೆಟ್ ಸತ್ತೋಗಿದೆ" ಅಂತಾರೆ. ಪಠ್ಯಪುಸ್ತಕ ಕಂಪ್ರೆಶನ್ ಸೆಟ್ ಅನ್ನುತ್ತದೆ.

ಸ್ಪ್ರಿಂಗ್ ಮತ್ತು ಡ್ಯಾಶ್‌ಪಾಟ್

ಕೋಟ್ಯಂತರ ಸರಪಳಿಗಳನ್ನು ಒಂದೊಂದಾಗಿ ಲೆಕ್ಕ ಹಾಕೋಕಾಗಲ್ಲ. ಹಾಗಾಗಿ ಎರಡೇ ಎರಡು ಆಟಿಕೆಗಳಿಂದ ಮಾಡೆಲ್ ಕಟ್ಟುತ್ತಾರೆ. ಒಂದು ಸ್ಪ್ರಿಂಗ್: ಎಷ್ಟು ಎಳೆದಿದ್ದೀರಿ ಅನ್ನೋದಕ್ಕೆ ಉತ್ತರ ಕೊಡುತ್ತೆ. ಇನ್ನೊಂದು ಡ್ಯಾಶ್‌ಪಾಟ್, ಅಂದ್ರೆ ಎಣ್ಣೆ ತುಂಬಿದ ಸಿಲಿಂಡರಿನಲ್ಲಿ ಓಡಾಡೋ ಪಿಸ್ಟನ್: ಎಷ್ಟು ವೇಗವಾಗಿ ಎಳೀತಿದ್ದೀರಿ ಅನ್ನೋದಕ್ಕೆ ಉತ್ತರ ಕೊಡುತ್ತೆ. ತನ್ನಷ್ಟಕ್ಕೆ ಮುಚ್ಚಿಕೊಳ್ಳೋ ಬಾಗಿಲಿನ ಡೋರ್ ಕ್ಲೋಸರ್‌ನಲ್ಲಿ ಇವೆರಡೂ ಇವೆ.

ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದರೆ ಮ್ಯಾಕ್ಸ್‌ವೆಲ್ ಮಾಡೆಲ್. ಹೌದು, ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1867ರಲ್ಲಿ ಅನಿಲಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಈ ಸಮೀಕರಣ ಕೊಟ್ಟರು. ಥಟ್ಟನೆ ಎಳೆದು ಹಿಡಿದಾಗ ಮೊದಲು ಸ್ಪ್ರಿಂಗ್ ಅಷ್ಟೂ ಹಿಗ್ಗುತ್ತದೆ. ಆಮೇಲೆ ಡ್ಯಾಶ್‌ಪಾಟ್ ನಿಧಾನವಾಗಿ ಸರಿದುಕೊಟ್ಟಂತೆ ಸ್ಪ್ರಿಂಗ್ ಕುಗ್ಗುತ್ತಾ ಬರುತ್ತದೆ. ಗಣಿತದಲ್ಲಿ ಹೇಳೋದಾದ್ರೆ:

ಈಗಿನ ಸ್ಟ್ರೆಸ್ = ಮೊದಲ ಸ್ಟ್ರೆಸ್ × ಇ^(−ಕಾಲ ÷ ಟೌ)

ಇಲ್ಲಿ ಟೌ ಅಂದ್ರೆ ರಿಲ್ಯಾಕ್ಸೇಶನ್ ಕಾಲ: ಡ್ಯಾಶ್‌ಪಾಟ್‌ನ ಸ್ನಿಗ್ಧತೆಯನ್ನು ಸ್ಪ್ರಿಂಗ್‌ನ ಮಾಡ್ಯುಲಸ್‌ನಿಂದ ಭಾಗಿಸಿದ್ದು. ಒಂದು ಟೌ ಕಳೆದಾಗ ಶೇ. 37ರಷ್ಟು ಸ್ಟ್ರೆಸ್ ಉಳಿದಿರುತ್ತದೆ, ಮೂರು ಟೌ ಕಳೆದಾಗ ಬರೀ ಶೇ. 5. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ಹಳೇ ಗೆಳೆಯ. ರೆಸಿಸ್ಟರ್ ಮೂಲಕ ಕೆಪಾಸಿಟರ್ ಡಿಸ್ಚಾರ್ಜ್ ಆಗೋ ಸಮೀಕರಣ ಅಕ್ಷರ ಬದಲಾದರೆ ಇದೇ.

ನಮ್ಮ ಕ್ಲಾಂಪಿಗೆ ಹಚ್ಚಿ ನೋಡೋಣ. ಲೆಕ್ಕಕ್ಕೋಸ್ಕರ ಟೌ 10 ಗಂಟೆ ಅಂತಿಟ್ಟುಕೊಳ್ಳಿ. ಹಿಡಿತ ಅರ್ಧಕ್ಕಿಳಿಯೋಕೆ ಬೇಕಾದ ಹೊತ್ತು 10 × 0.69, ಅಂದ್ರೆ ಸುಮಾರು 7 ಗಂಟೆ. ರಾತ್ರಿ ಹನ್ನೊಂದಕ್ಕೆ ಬಿಗಿದದ್ದು ಬೆಳಗ್ಗೆ ಆರಕ್ಕೆ ಅರ್ಧ. ಸಿಮ್ಯುಲೇಶನ್ ತೋರಿಸಿದ ಫ್ಯಾಕ್ಟರ್ 3 ಸುಳ್ಳಲ್ಲ, ಅದು ರಾತ್ರಿ ಹನ್ನೊಂದು ಗಂಟೆಯ ಸತ್ಯ. ನಮ್ಮ ಮ್ಯಾಚ್ ಇದ್ದದ್ದು ಬೆಳಗ್ಗೆ.

ಅದೇ ಎರಡನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಕೆಲ್ವಿನ್-ವಾಯ್ಟ್ ಮಾಡೆಲ್. ತೂಕ ಹಾಕಿದಾಗ ನಿಧಾನವಾಗಿ ಜಗ್ಗಿ, ತೆಗೆದಾಗ ನಿಧಾನವಾಗಿ ಹಿಂತಿರುಗೋದನ್ನು ಇದು ಚೆನ್ನಾಗಿ ತೋರಿಸುತ್ತೆ. ಆದ್ರೆ ರಿಲ್ಯಾಕ್ಸೇಶನ್‌ಗೆ ಇದು ಕೆಲಸಕ್ಕೆ ಬಾರದು. ಡ್ಯಾಶ್‌ಪಾಟನ್ನು ಥಟ್ಟನೆ ಎಳೆಯೋಕೆ ಅನಂತ ಬಲ ಬೇಕು. ಮ್ಯಾಕ್ಸ್‌ವೆಲ್ ಮಾಡೆಲ್‌ಗೂ ಒಂದು ದೋಷ ಇದೆ: ಅದು ಸ್ಟ್ರೆಸ್ಸನ್ನು ಪೂರ್ತಿ ಸೊನ್ನೆಗೆ ಇಳಿಸಿಬಿಡುತ್ತೆ. ಗಂಟು ಹಾಕಿದ ರಬ್ಬರ್ ಹಾಗೆ ಮಾಡಲ್ಲ ಅಂತ ಆಗಲೇ ನೋಡಿದ್ವಲ್ಲ. ಅದಕ್ಕೆ ಮ್ಯಾಕ್ಸ್‌ವೆಲ್ ಜೋಡಿಯ ಪಕ್ಕದಲ್ಲಿ ಇನ್ನೊಂದು ಒಂಟಿ ಸ್ಪ್ರಿಂಗ್ ಇಡಿ. ಡ್ಯಾಶ್‌ಪಾಟ್ ಪೂರ್ತಿ ಸರಿದ ಮೇಲೂ ಆ ಒಂಟಿ ಸ್ಪ್ರಿಂಗ್ ಹಿಡಿದುಕೊಂಡಿರುತ್ತೆ. ಇದು ಸ್ಟ್ಯಾಂಡರ್ಡ್ ಲೀನಿಯರ್ ಸಾಲಿಡ್. ಮೂರೇ ಭಾಗ, ಆದ್ರೆ ಕ್ರೀಪ್, ರಿಲ್ಯಾಕ್ಸೇಶನ್ ಎರಡೂ ಸರಿಯಾದ ಆಕಾರದಲ್ಲಿ ಬರುತ್ತವೆ.

ಇಷ್ಟಾದರೂ ನಿಜವಾದ ಡೇಟಾ ಒಂದೇ ಟೌಗೆ ಬಗ್ಗಲ್ಲ. ಪ್ಲಾಸ್ಟಿಕ್ ಒಳಗೆ ಚಿಕ್ಕ ತುಣುಕುಗಳು ಬೇಗ ಹೊಂದಿಕೊಳ್ಳುತ್ತವೆ, ಇಡೀ ಸರಪಳಿಗೆ ಬಹಳ ಹೊತ್ತು ಬೇಕು. ಹಾಗಾಗಿ ಒಂದು ಸೆಕೆಂಡು, ಹತ್ತು ಸೆಕೆಂಡು, ನೂರು ಸೆಕೆಂಡು ಹೀಗೆ ಬೇರೆ ಬೇರೆ ಟೌ ಇರೋ ಹಲವು ಮ್ಯಾಕ್ಸ್‌ವೆಲ್ ಜೋಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಎಲ್ಲವನ್ನೂ ಕೂಡುತ್ತಾರೆ. ಈ ಎಕ್ಸ್‌ಪೊನೆನ್ಶಿಯಲ್‌ಗಳ ಮೊತ್ತಕ್ಕೆ ಪ್ರೋನಿ ಸರಣಿ ಅಂತ ಹೆಸರು. ಇವತ್ತಿನ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಕೇಳೋದು ಇದನ್ನೇ.

ವಸ್ತುವಿನ ನೆನಪು

ಒಂದೇ ಸಲ ಎಳೆದು ಬಿಟ್ಟರೆ ಸರಿ. ಇವತ್ತು ಸ್ವಲ್ಪ, ನಾಳೆ ಇನ್ನಷ್ಟು, ನಾಡಿದ್ದು ಸಡಿಲ ಅಂದ್ರೆ? ಇದಕ್ಕೆ ದಾರಿ ತೋರಿಸಿದ್ದು ಲುಡ್ವಿಗ್ ಬೋಲ್ಟ್ಸ್‌ಮನ್, 1874ರಲ್ಲಿ. ಹಿಂದೆ ಕೊಟ್ಟ ಪ್ರತಿಯೊಂದು ಎಳೆತವೂ ತನ್ನದೇ ರಿಲ್ಯಾಕ್ಸೇಶನ್ ರೇಖೆಯನ್ನು ಶುರು ಮಾಡುತ್ತೆ, ಈಗಿನ ಸ್ಟ್ರೆಸ್ ಅಂದ್ರೆ ಅವೆಲ್ಲದರ ಮೊತ್ತ ಅಂತ ಅವರು ಹೇಳಿದರು. ನಮ್ಮ ಸಿಜಿಪಿಎ ಇದ್ದ ಹಾಗೆ: ಯಾವ ಸೆಮಿಸ್ಟರೂ ಲೆಕ್ಕದಿಂದ ಹೊರಗಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಹಳೇ ಸೆಮಿಸ್ಟರಿನ ತೂಕ ದಿನ ಕಳೆದ ಹಾಗೆ ಕರಗುತ್ತೆ. ನಮಗೂ ಆ ಭಾಗ್ಯ ಇದ್ದಿದ್ದರೆ!

ಇಡೀ ಇತಿಹಾಸವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳೋದು ಭಾರ ಅಲ್ವಾ ಅಂತ ಸಿಎಸ್‌ನವರು ಕೇಳಬಹುದು. ಪ್ರೋನಿ ಸರಣಿಯ ಸೊಗಸು ಅಲ್ಲೇ ಇರೋದು. ಪ್ರತಿ ಹೆಜ್ಜೆಯಲ್ಲೂ ಹಳೇ ಮೌಲ್ಯವನ್ನು ಒಂದು ಸ್ಥಿರಾಂಕದಿಂದ ಗುಣಿಸಿ, ಹೊಸ ಎಳೆತದ ಪಾಲನ್ನು ಕೂಡಿದರೆ ಸಾಕು. ನೀವು ಡೇಟಾ ನಯಗೊಳಿಸೋಕೆ ಬಳಸೋ ಎಕ್ಸ್‌ಪೊನೆನ್ಶಿಯಲ್ ಸ್ಮೂದಿಂಗ್ ಇದರ ಸೋದರಸಂಬಂಧಿ.

ಬರೀ ಪ್ಲಾಸ್ಟಿಕ್ ಕಥೆ ಅಲ್ಲ

ಸಿವಿಲ್ ಗೆಳೆಯರೇ, ಕಾಂಕ್ರೀಟ್ ಕಲ್ಲಿನಷ್ಟು ಗಟ್ಟಿ ಅಂತ ಯಾರಾದ್ರೂ ಅಂದ್ರೆ ಯೂಜೀನ್ ಫ್ರೆಸಿನೆ ಹೆಸರು ಹೇಳಿ. 1910ರ ದಶಕದ ಆರಂಭದಲ್ಲಿ ಈ ಫ್ರೆಂಚ್ ಎಂಜಿನಿಯರ್ ಅಲಿಯೇ ನದಿಗೆ ಕಟ್ಟಿದ ಲ ವೋರ್ದ್ರ್ ಸೇತುವೆಯ ಕಮಾನುಗಳು, ಕಟ್ಟಿದ ಮೇಲೆ ತಿಂಗಳುಗಳ ಕಾಲ ಸದ್ದಿಲ್ಲದೆ ಕುಸಿಯುತ್ತಾ ಬಂದವು. ಕಮಾನಿನ ನೆತ್ತಿಯಲ್ಲಿ ಜಾಕ್ ಇಟ್ಟು ಅವನ್ನು ಮತ್ತೆ ಮೇಲೆತ್ತಿ ಅವರು ಸೇತುವೆ ಉಳಿಸಿಕೊಂಡರು. ಕಾಂಕ್ರೀಟೂ ಕ್ರೀಪ್ ಆಗುತ್ತೆ ಅನ್ನೋದು ಆ ಹೊತ್ತಿನ ಪುಸ್ತಕಗಳ ಲೆಕ್ಕದಲ್ಲಿ ಇರಲೇ ಇಲ್ಲ.

ಆ ಪಾಠದಿಂದಲೇ 1928ರ ಅವರ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಪೇಟೆಂಟ್ ಹುಟ್ಟಿತು. ಲೆಕ್ಕ ಸರಳ. ಸಾಧಾರಣ ಸ್ಟೀಲನ್ನು 140 ಮೆಗಾಪಾಸ್ಕಲ್‌ಗೆ ಎಳೆದರೆ ಅದರ ಸ್ಟ್ರೇನ್ 0.0007. ಕಾಂಕ್ರೀಟ್ ಒಣಗಿ, ಕ್ರೀಪ್ ಆಗಿ ಅಷ್ಟೇ ಕುಗ್ಗಿದರೆ ಪ್ರೀಸ್ಟ್ರೆಸ್ ಪೂರ್ತಿ ಮಾಯ. ಅದೇ ಹೆಚ್ಚು ಬಲದ ತಂತಿಯನ್ನು 1000 ಮೆಗಾಪಾಸ್ಕಲ್‌ಗೆ ಎಳೆದಿದ್ದರೆ ಅದೇ 140 ಹೋದರೂ 860 ಉಳಿಯುತ್ತೆ. ಇವತ್ತು ನಮ್ಮ ಫ್ಲೈಓವರ್‌ಗಳಿಗೆ ಹಾಕೋ ಲೋ ರಿಲ್ಯಾಕ್ಸೇಶನ್ ತಂತಿಗಳಿಗೆ ಐಎಸ್ 14268 ಮಾನಕದಲ್ಲಿ ಒಂದು ಮಿತಿ ಇದೆ: ಮುರಿಯುವ ಬಲದ ಶೇ. 70ಕ್ಕೆ ಎಳೆದು 1000 ಗಂಟೆ ಹಿಡಿದಾಗ ಶೇ. 2.5ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು. ಫ್ರೆಸಿನೆ ಕಷ್ಟಪಟ್ಟು ಕಲಿತದ್ದು ಈಗ ಒಂದು ಸಾಲಿನ ನಿಯಮ.

ಹಾಗಾದ್ರೆ ಘನ, ದ್ರವ ಅನ್ನೋ ಗೆರೆ ಎಲ್ಲಿದೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಥಾಮಸ್ ಪಾರ್ನೆಲ್ ಒಂದು ಗಾಜಿನ ಆಲಿಕೆಗೆ ಡಾಂಬರಿನಂಥ ಪಿಚ್ ಸುರಿದರು. ಸುತ್ತಿಗೆಯಲ್ಲಿ ಹೊಡೆದರೆ ಗಾಜಿನ ಹಾಗೆ ಪುಡಿಯಾಗೋ ವಸ್ತು ಅದು. 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಒಂಬತ್ತನೆಯ ಹನಿ ಬೇರ್ಪಟ್ಟದ್ದು 2014ರಲ್ಲಿ! ಸುತ್ತಿಗೆಗೆ ಅದು ಘನ, ಶತಮಾನಕ್ಕೆ ಅದು ದ್ರವ. 1964ರಲ್ಲಿ ಮಾರ್ಕಸ್ ರೈನರ್ ಈ ವಿಚಾರಕ್ಕೆ ಒಂದು ಅಂಕಿ ಕೊಟ್ಟರು. ರಿಲ್ಯಾಕ್ಸೇಶನ್ ಕಾಲವನ್ನು ನೀವು ಗಮನಿಸುವ ಕಾಲದಿಂದ ಭಾಗಿಸಿ. ಉತ್ತರ ಒಂದಕ್ಕಿಂತ ತುಂಬಾ ದೊಡ್ಡದಾದರೆ ವಸ್ತು ಘನದಂತೆ, ತುಂಬಾ ಚಿಕ್ಕದಾದರೆ ದ್ರವದಂತೆ ನಡೆದುಕೊಳ್ಳುತ್ತೆ. ಇದು ಡೆಬೊರಾ ಸಂಖ್ಯೆ. ಪ್ರಶ್ನೆ ಯಾವತ್ತೂ "ಇದು ಎಷ್ಟು ಗಟ್ಟಿ?" ಅಂತ ಮಾತ್ರ ಅಲ್ಲ, "ಎಷ್ಟು ಹೊತ್ತಿಗೆ?" ಅಂತಲೂ ಕೇಳಬೇಕು.

ತಾಪಮಾನ ಅಂದ್ರೆ ಗಡಿಯಾರದ ವೇಗ

ಸರಪಳಿಗಳು ಜಾರೋದು ಉಷ್ಣದ ನಡುಕದಿಂದ ಅಂದ್ವಿ. ಹಾಗಾದ್ರೆ ಬಿಸಿಯಾದಾಗ ಎಲ್ಲ ಬೇಗ, ತಣ್ಣಗಾದಾಗ ಎಲ್ಲ ನಿಧಾನ. ಎಷ್ಟು ನಿಧಾನ? 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರಿ ಎಂಬ ಮೂವರು ಕೊಟ್ಟ ಸಮೀಕರಣ ಇದಕ್ಕೆ ಉತ್ತರ. ಅದರಲ್ಲಿ ಪ್ರಸಿದ್ಧವಾದ ಎರಡು ಅಂಕಿಗಳಿವೆ, 17.44 ಮತ್ತು 51.6. ಗಾಜಿನಂತೆ ಗಡುಸಾಗಿದ್ದ ಪಾಲಿಮರ್ ಬಿಸಿಯಾಗುತ್ತಾ ಮೆದುವಾಗತೊಡಗುವ ಗ್ಲಾಸ್ ಟ್ರಾನ್ಸಿಶನ್ ತಾಪಮಾನದಿಂದ 20 ಡಿಗ್ರಿ ಮೇಲೆ ಹೋದರೆ, 17.44 × 20 ÷ (51.6 + 20) ಅಂದ್ರೆ ಸುಮಾರು 4.87. ಹತ್ತರ ಘಾತ 4.87 ಅಂದ್ರೆ ಸುಮಾರು 74 ಸಾವಿರ. ಬರೀ 20 ಡಿಗ್ರಿಗೆ ಒಳಗಿನ ಗಡಿಯಾರ 74 ಸಾವಿರ ಪಟ್ಟು ಬೇಗ ಓಡುತ್ತೆ! ಎಲ್ಲ ಪಾಲಿಮರ್‌ಗೂ ಈ ಅಂಕಿಗಳು ಸರಿಯಾಗಿ ಕೂರಲ್ಲ, ಆದರೆ ಅಂದಾಜಿಗೆ ಇಷ್ಟು ಸಾಕು.

ಇದರಿಂದ ಒಂದು ದೊಡ್ಡ ಲಾಭ ಇದೆ. ಹತ್ತು ವರ್ಷದ ನಂತರ ಗ್ಯಾಸ್ಕೆಟ್ ಹೇಗಿರುತ್ತೆ ಅಂತ ತಿಳಿಯೋಕೆ ಹತ್ತು ವರ್ಷ ಕಾಯಬೇಕಿಲ್ಲ. ಬೇರೆ ಬೇರೆ ತಾಪಮಾನದಲ್ಲಿ ಹತ್ತತ್ತು ನಿಮಿಷದ ಟೆಸ್ಟ್ ಮಾಡಿ, ರೇಖೆಗಳನ್ನು ಲಾಗ್ ಕಾಲದ ಅಕ್ಷದ ಮೇಲೆ ಅಕ್ಕಪಕ್ಕ ಸರಿಸಿ ಜೋಡಿಸಿದರೆ ವರ್ಷಗಳುದ್ದದ ಒಂದೇ ರೇಖೆ ಸಿಗುತ್ತೆ. ಇದಕ್ಕೆ ಮಾಸ್ಟರ್ ಕರ್ವ್ ಅಂತಾರೆ.

ನಷ್ಟದ ಕಡೆಯೂ ಇದೆ. ಅದನ್ನು ಹೇಳೋಕೆ 1986ಕ್ಕೆ ಹೋಗಬೇಕು.

0.6 ಸೆಕೆಂಡು

1986ರ ಜನವರಿ 28ರ ಬೆಳಗ್ಗೆ ಫ್ಲೋರಿಡಾದಿಂದ ಚಾಲೆಂಜರ್ ಶಟಲ್ ಮೇಲೇರಿತು. 73ನೇ ಸೆಕೆಂಡಿಗೆ ಒಡೆದು ಚೂರಾಯಿತು. ಒಳಗಿದ್ದ ಏಳೂ ಮಂದಿ ತೀರಿಕೊಂಡರು.

ಶಟಲ್‌ನ ಪಕ್ಕದ ಘನ ಇಂಧನದ ರಾಕೆಟ್ಟುಗಳನ್ನು ತುಂಡುತುಂಡಾಗಿ ತಂದು ಜೋಡಿಸುತ್ತಿದ್ದರು. ಆ ಕೀಲುಗಳಲ್ಲಿ ಬಿಸಿ ಅನಿಲ ಹೊರಬರದಂತೆ ವೈಟನ್ ಎಂಬ ರಬ್ಬರ್‌ನ ಓ-ರಿಂಗ್‌ಗಳಿದ್ದವು. ಸುಮಾರು 7 ಮಿಲಿಮೀಟರ್ ದಪ್ಪ. ಕುಕ್ಕರ್ ಗ್ಯಾಸ್ಕೆಟ್ಟಿನ ಕೆಲಸವೇ, ಜಾಗ ಮಾತ್ರ ಬೇರೆ. ರಾಕೆಟ್ ಹೊತ್ತಿಕೊಂಡಾಗ ಒಳಗಿನ ಒತ್ತಡಕ್ಕೆ ಕೀಲು ಸ್ವಲ್ಪ ಬಾಯಿ ಬಿಡುತ್ತದೆ. ಮೊದಲ 0.6 ಸೆಕೆಂಡಿನಲ್ಲಿ ನಡೆದುಹೋಗೋ ಕೆಲಸ ಅದು. ಅಷ್ಟರೊಳಗೆ, ಒತ್ತಿಟ್ಟಿದ್ದ ಓ-ರಿಂಗ್ ಹಿಗ್ಗಿ ಲೋಹವನ್ನು ಹಿಂಬಾಲಿಸಿ ಸಂದು ಮುಚ್ಚಬೇಕು.

ಆ ರಾಕೆಟ್ಟುಗಳನ್ನು ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರುಗಳು 1985ರಲ್ಲೇ ಒಂದು ಟೆಸ್ಟ್ ಮಾಡಿದ್ದರು. ನಮ್ಮ ಲ್ಯಾಬಿನ ಯುಟಿಎಂನಂಥದ್ದೇ ಮಷೀನಿನಲ್ಲಿ ಓ-ರಿಂಗನ್ನು ಒತ್ತಿ, ಕೀಲು ಬಾಯಿ ಬಿಡೋ ವೇಗದಲ್ಲಿ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಬ್ಬರ್ ತಟ್ಟೆಯನ್ನು ಬಿಡಲೇ ಇಲ್ಲ. 24 ಡಿಗ್ರಿಯಲ್ಲಿ 2.4 ಸೆಕೆಂಡು ಸಂಪರ್ಕ ತಪ್ಪಿತು. 10 ಡಿಗ್ರಿಯಲ್ಲಿ ಹತ್ತು ನಿಮಿಷ ಕಾದರೂ ಮತ್ತೆ ಮುಟ್ಟಲಿಲ್ಲ, ಟೆಸ್ಟನ್ನೇ ನಿಲ್ಲಿಸಿದರು. 14 ಡಿಗ್ರಿ ಇಳಿದದ್ದಕ್ಕೆ 2.4 ಸೆಕೆಂಡು 600 ಸೆಕೆಂಡನ್ನೂ ಮೀರಿತು, ಅಂದ್ರೆ ಕನಿಷ್ಠ 250 ಪಟ್ಟು.

ಉಡಾವಣೆಯ ಬೆಳಗ್ಗೆ ಬಲಗಡೆಯ ರಾಕೆಟ್ಟಿನ ಆ ಕೀಲಿನ ತಾಪಮಾನ ಸುಮಾರು ಮೈನಸ್ 2 ಡಿಗ್ರಿ ಇತ್ತು ಅಂತ ಆಮೇಲೆ ಲೆಕ್ಕ ಹಾಕಿದರು. ಹಿಂದಿನ ರಾತ್ರಿಯ ಫೋನ್ ಸಭೆಯಲ್ಲಿ ರಾಜರ್ ಬೋಜೋಲೆ ಮತ್ತು ಸಂಗಡಿಗರು 12 ಡಿಗ್ರಿಗಿಂತ ಕಡಿಮೆಯಲ್ಲಿ ಹಾರಿಸಬೇಡಿ ಅಂತ ವಾದಿಸಿದ್ದರು. ಕೊನೆಗೆ ಕಂಪನಿಯ ಮ್ಯಾನೇಜರುಗಳು ಅವರ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ರಾಕೆಟ್ ಹೊತ್ತಿಕೊಂಡ 0.678ನೇ ಸೆಕೆಂಡಿಗೆ ಆ ಕೀಲಿನ ಬಳಿ ಕಪ್ಪು ಹೊಗೆ ಕ್ಯಾಮೆರಾದಲ್ಲಿ ದಾಖಲಾಯಿತು.

ತನಿಖಾ ಆಯೋಗದ ಸದಸ್ಯ ರಿಚರ್ಡ್ ಫೈನ್‌ಮನ್ ಟಿವಿ ಕ್ಯಾಮೆರಾಗಳ ಮುಂದೆ ಒಂದು ಓ-ರಿಂಗ್ ತುಂಡನ್ನು ಚಿಕ್ಕ ಕ್ಲಾಂಪಿನಲ್ಲಿ ಒತ್ತಿ, ಐಸ್ ನೀರಿನ ಲೋಟದಲ್ಲಿ ಮುಳುಗಿಸಿ, ತೆಗೆದು ತೋರಿಸಿದ್ದನ್ನು ನೀವು ಕೇಳಿರಬಹುದು. ಕ್ಲಾಂಪ್ ತೆಗೆದ ಮೇಲೂ ರಬ್ಬರ್ ಕೆಲವು ಸೆಕೆಂಡು ಒತ್ತಿದ ಆಕಾರದಲ್ಲೇ ಇತ್ತು. "ಚಳಿಗೆ ರಬ್ಬರ್ ಮುರೀತು" ಅಂತ ಈ ಕಥೆಯನ್ನು ಹೇಳೋರಿದ್ದಾರೆ. ಅದು ತಪ್ಪು. ವೈಟನ್ ಗಾಜಿನಂತೆ ಗಡುಸಾಗೋದು ಸುಮಾರು ಮೈನಸ್ 20 ಡಿಗ್ರಿಯ ಹತ್ತಿರ. ಆ ಬೆಳಗ್ಗೆ ಅದು ಇನ್ನೂ ರಬ್ಬರ್ ಆಗಿಯೇ ಇತ್ತು. ಬಿಟ್ಟಿದ್ದರೆ ನಿಧಾನವಾಗಿ ತನ್ನ ಆಕಾರಕ್ಕೆ ಬರುತ್ತಿತ್ತು. ಅದಕ್ಕೆ ಬೇಕಾದದ್ದು ನಿಮಿಷಗಳು, ಸಿಕ್ಕಿದ್ದು 0.6 ಸೆಕೆಂಡು. ಅದು ಮುರಿಯಲಿಲ್ಲ, ತಡವಾಯಿತು.

ಕೀಲಿನ ವಿನ್ಯಾಸವೇ ಸರಿ ಇರಲಿಲ್ಲ ಅಂತಲೂ ಆಯೋಗ ಹೇಳಿದೆ, ತಪ್ಪನ್ನೆಲ್ಲ ರಬ್ಬರ್ ಮೇಲೆ ಹಾಕೋದು ನ್ಯಾಯವಲ್ಲ. ಆದರೆ ಟೇಬಲ್ಲಿನ ಮೇಲೆ ಕಾಲದ ಅಂಕಿ ಇತ್ತು. ಅದನ್ನು ಓದಿದವರೂ ಇದ್ದರು. ನಮ್ಮನ್ನು ಕಾಡೋದು ಅದು.

ಸಾಫ್ಟ್‌ವೇರ್‌ಗೆ ಕೊಡೋ ಮುಂಚೆ

ಪ್ಲಾಸ್ಟಿಕ್ ಅಥವಾ ರಬ್ಬರ್ ಭಾಗ ಇರೋ ಪ್ರಾಜೆಕ್ಟ್ ಮಾಡ್ತಿದ್ದರೆ ಈ ನಾಲ್ಕು ಮಾತು ನೆನಪಿರಲಿ. ಇವು ನಾವೇ ಎಡವಿ ಕಲಿತವು.

ಒಂದು, ಯುಟಿಎಂನಲ್ಲಿ ಎಳೆಯೋಕೂ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲೇ ರಿಲ್ಯಾಕ್ಸೇಶನ್ ಶುರುವಾಗಿರುತ್ತೆ. ಎಳೆಯೋಕೆ 2 ಸೆಕೆಂಡು ಹಿಡಿದರೆ ಮೊದಲ 20 ಸೆಕೆಂಡಿನ ಡೇಟಾ ನಂಬಬೇಡಿ. ಹತ್ತು ಪಟ್ಟು ಬಿಡೋದು ರೂಢಿಯ ನಿಯಮ.

ಎರಡು, ಗ್ರಾಫಿನ ಕಾಲದ ಅಕ್ಷ ಲಾಗ್‌ನಲ್ಲಿರಲಿ. ಪ್ರೋನಿ ಸರಣಿಗೆ ಪ್ರತಿ ಹತ್ತು ಪಟ್ಟು ಕಾಲಕ್ಕೆ ಒಂದು ಟೌ ಸಾಕು. ಹದಿನೈದು ಟೌ ಹಾಕಿ ಗೆರೆ ಚೆಂದ ಕೂತಿತು ಅಂತ ಖುಷಿಪಟ್ಟರೆ, ನೀವು ಫಿಟ್ ಮಾಡಿದ್ದು ಮಷೀನಿನ ಗದ್ದಲವನ್ನು.

ಮೂರು, ಎರಡು ಬೇರೆ ಸ್ಟ್ರೇನ್‌ಗಳಲ್ಲಿ ಟೆಸ್ಟ್ ಮಾಡಿ. ಸ್ಟ್ರೆಸ್ಸನ್ನು ಸ್ಟ್ರೇನ್‌ನಿಂದ ಭಾಗಿಸಿದಾಗ ಎರಡೂ ರೇಖೆ ಒಂದರ ಮೇಲೊಂದು ಬಿದ್ದರೆ ಮಾತ್ರ ಮೇಲೆ ಹೇಳಿದ ಲೀನಿಯರ್ ಲೆಕ್ಕವೆಲ್ಲ ನಡೆಯುತ್ತೆ. ಬೀಳದಿದ್ದರೆ ಆ ಸ್ಟ್ರೇನ್‌ಗೆ ಈ ಮಾಡೆಲ್ ಸಾಲದು.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು. ಹತ್ತು ನಿಮಿಷದ ಡೇಟಾದಿಂದ ಕಟ್ಟಿದ ಪ್ರೋನಿ ಸರಣಿ ಹತ್ತು ನಿಮಿಷ ದಾಟಿದ ಮೇಲೆ ಬೇಗನೆ ಚಪ್ಪಟೆಯಾಗಿಬಿಡುತ್ತೆ. ಅಲ್ಲಿಂದಾಚೆ ಸ್ಟ್ರೆಸ್ ಇಳಿಯೋದೇ ಇಲ್ಲ ಅಂತ ಸಾಫ್ಟ್‌ವೇರ್ ಹೇಳುತ್ತೆ. ಹತ್ತು ವರ್ಷಕ್ಕೂ ಅದೇ ಉತ್ತರ, ಬಣ್ಣಬಣ್ಣದ ಚಿತ್ರದ ಸಮೇತ. ವಸ್ತು ಹಾಗೆ ಹೇಳಿಲ್ಲ, ನಾವು ಕೇಳಿಲ್ಲ ಅಷ್ಟೇ.

ಅಂದ ಹಾಗೆ, ನಮ್ಮ ಕ್ಲಾಂಪ್ ಈಗ ಸರಿಯಾಗಿದೆ. ಸ್ಕ್ರೂ ಇರೋ ಜಾಗದಲ್ಲಿ ಹಿತ್ತಾಳೆಯ ಬುಷ್ ಕೂರಿಸಿದೆವು, ಬಿಗಿಯೋ ಬಲ ಲೋಹದ ಮೇಲೇ ಹೋಗುತ್ತೆ. ಶಾಫ್ಟನ್ನು ತಿರುಗಿಸೋ ಕೆಲಸ ಘರ್ಷಣೆಗೆ ಬಿಡದೆ ಶಾಫ್ಟಿನ ಚಪ್ಪಟೆ ಮೈಗೆ ಕೊಟ್ಟೆವು. ಮೋಟಾರ್ ಬಿಸಿಯಾಗಿ ಪಿಎಲ್‌ಎ ಇನ್ನೂ ಬೇಗ ಸಡಿಲಾಗ್ತಿತ್ತು ಅನ್ನೋದು ಆಮೇಲೆ ಹೊಳೆಯಿತು, ಅದರ ಗ್ಲಾಸ್ ಟ್ರಾನ್ಸಿಶನ್ ಬರೀ 60 ಡಿಗ್ರಿ ಆಸುಪಾಸು. ಸ್ಕ್ರೂ ಬಿಗಿದವನ ಕ್ಷಮೆಯನ್ನೂ ಕೇಳಿದ್ದೇವೆ, ಚಹಾ ಸಮೇತ.

ನೀವೇ ಕಣ್ಣಾರೆ ನೋಡಬೇಕಾ? ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್ ಒಂದು ಜೊತೆ ತನ್ನಿ. ಒಂದನ್ನು ಮೇಜಿನ ಮೇಲಿಡಿ, ಇನ್ನೊಂದನ್ನು ಕವರಿನಲ್ಲಿ ಹಾಕಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಎರಡನ್ನೂ ಒಟ್ಟಿಗೆ ಹೊಸಕಿ ತೆಳ್ಳಗೆ ಮಾಡಿ ಮೇಜಿನ ಮೇಲೆ ಬಿಡಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ. ಕೈಯ ಬಿಸಿ ತಾಗದ ಹಾಗೆ ಬೇಗ ಮಾಡಬೇಕು. ಎರಡೂ ತಮ್ಮ ಆಕಾರಕ್ಕೆ ವಾಪಸ್ ಬರುತ್ತವೆ. ಯಾವುದು ಮೊದಲು, ಎಷ್ಟು ಸೆಕೆಂಡು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಡಿಸೈನಿಗೆ ಅಷ್ಟು ಸೆಕೆಂಡು ಇದೆಯಾ ಅಂತ ಆಮೇಲೆ ಯೋಚಿಸಿ.